ಕರಿ ಇಶಾಡಿನ ಸಿಪ್ಪೆ ಮತ್ತು 10 ರೂಪಾಯಿಯ ಅರ್ಜಿ

ನಮಸ್ಕಾರ. ಇವತ್ತು ಕಾನೂನಿನ ಮಾತಿಗೆ ಮೊದಲು ಮಾವಿನ ಸಿಪ್ಪೆಯ ಮಾತು. ಅಂಕೋಲೆಯ ಕರಿ ಇಶಾಡು ತಿಂದವರಿಗೆ ಗೊತ್ತು, ಅದರ ಸಿಪ್ಪೆ ಕಾಗದದಷ್ಟು ತೆಳು. ಚಾಕು ಬೇಡ, ಉಗುರು ತಾಗಿದರೆ ಸಾಕು, ರಸ ಮೊಣಕೈವರೆಗೆ ಇಳೀತದೆ. ಅದರ ಕಷ್ಟವೂ ಆ ಸಿಪ್ಪೆಯೇ. ನಾಲ್ಕು ದಿನ ಇಟ್ಟರೆ ಮೆತ್ತಗಾಗ್ತದೆ, ದೂರದ ಊರಿಗೆ ಕಳಿಸೋದು ಕಷ್ಟ.

ಹೋದ ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ 'ಅಂಕೋಲಾ ಕರಿ ಇಶಾಡು' ಅಂತ ಚೀಟಿ ಅಂಟಿಸಿದ ಪೆಟ್ಟಿಗೆ ಕಂಡಿತು. ಆಸೆಯಿಂದ ಒಂದು ಡಜನ್ ತಗೊಂಡೆ. ಮನೆಗೆ ಬಂದು ನೋಡಿದರೆ ಸಿಪ್ಪೆ ತೆಗೆಯೋಕೆ ಚಾಕುವೇ ಬೇಕಾಯ್ತು. ಒಳಗೆಲ್ಲ ನಾರು. ನಮ್ಮೂರ ಹಣ್ಣಲ್ಲ ಅದು.

ನಾನು ಕಾರವಾರದ ಕೋರ್ಟಿನಲ್ಲಿ ವಕೀಲಿಕೆ ಮಾಡುವವ. ಫೋಟೋ ತಗೊಂಡು ಅಂಕೋಲೆಯ ಒಬ್ಬ ಬೆಳೆಗಾರರ ಮನೆಗೆ ಹೋದೆ. "ದಾವೆ ಹಾಕಬಹುದು, ಅಧಿಕೃತ ಬಳಕೆದಾರ ಅಂತ ನಿಮಗೆ ಬಂದ ಪ್ರಮಾಣಪತ್ರ ಕೊಡಿ" ಅಂದೆ. ಅವರು ನನ್ನ ಮುಖ ನೋಡಿದರು. "ಅದೆಂತದು ವಕೀಲ್ರೇ? 2023ರಲ್ಲೇ ಜಿಐ ಸಿಕ್ತಲ್ಲ?"

ಸಿಕ್ಕಿದ್ದು ಹೌದು. ಜಿಐ ಅಂದರೆ ಭೌಗೋಳಿಕ ಸೂಚಕ, ಒಂದು ಊರಿನ ವಿಶೇಷ ವಸ್ತುವಿನ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ. ಆದರೆ ಚೆನ್ನೈಯ ಜಿಐ ನೋಂದಣಿ ಪುಸ್ತಕದಲ್ಲಿ ಎರಡು ಭಾಗ ಇದೆ. 'ಎ' ಭಾಗದಲ್ಲಿ ಟ್ಯಾಗ್‌ಗೆ ಅರ್ಜಿ ಹಾಕಿದ ಸಂಸ್ಥೆಯ ಹೆಸರು. 'ಬಿ' ಭಾಗದಲ್ಲಿ ಆ ಹೆಸರನ್ನು ಬಳಸುವ ಹಕ್ಕು ಇರುವವರ ಹೆಸರು, ಒಬ್ಬೊಬ್ಬರದೂ ಬೇರೆ ಬೇರೆ. 1999ರ ಜಿಐ ಕಾಯ್ದೆಯ ಪ್ರಕಾರ 'ಬಿ' ಭಾಗದಲ್ಲಿ ಹೆಸರಿಲ್ಲದ ರೈತ, ಅಜ್ಜನ ಕಾಲದಿಂದ ಇಶಾಡು ಬೆಳೆದವನಾದರೂ, ತನ್ನ ಹೆಸರಲ್ಲಿ ದಾವೆ ಹಾಕೋಕೆ ಬರೋದಿಲ್ಲ. ಪತ್ರಿಕೆಯಲ್ಲಿ 'ಅಂಕೋಲೆಗೆ ಜಿಐ ಗರಿ' ಅಂತ ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಈ ಅರ್ಧ ಕೆಲಸ ಬಾಕಿ ಇದೆ ಅಂತ ಅವತ್ತೇ ಹೇಳಬೇಕಾದವರು ನಾವು, ವಕೀಲರು.

ಕಷ್ಟದ ಕೆಲಸವೂ ಅಲ್ಲ. ಜಿಐ-3 ಅನ್ನುವ ಫಾರಂ. ಮೊದಲು ಶುಲ್ಕ 500 ರೂಪಾಯಿ ಇತ್ತು. 2020ರ ತಿದ್ದುಪಡಿಯಲ್ಲಿ ಅದು 10 ರೂಪಾಯಿಗೆ ಇಳಿಯಿತು. ತಾನು ಹೇಗೆ ಉತ್ಪಾದಕ ಅಂತ ಒಂದು ಹೇಳಿಕೆ, ಜೊತೆಗೆ ಅಫಿಡವಿಟ್. ಒಮ್ಮೆ ಹೆಸರು ಸೇರಿತು ಅಂದರೆ, ಬೆಂಗಳೂರಿನ ಅಂಗಡಿಯ ಮೇಲಿನ ದಾವೆಗೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. 66ನೇ ಕಲಂ ನೋಡಿ: ದಾವೆ ಹಾಕುವವರು ವಾಸ ಇರುವ ಕಡೆಯ ಜಿಲ್ಲಾ ನ್ಯಾಯಾಲಯದಲ್ಲೇ ಹಾಕಬಹುದು. ಅಂದರೆ ನಮ್ಮ ಕಾರವಾರದಲ್ಲಿ. ಸುಳ್ಳು ಹೆಸರು ಅಂಟಿಸಿದ್ದು ಸಾಬೀತಾದರೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಅಂತಲೂ ಕಾಯ್ದೆಯಲ್ಲಿ ಇದೆ.

ಇನ್ನು ನನ್ನನ್ನು ಬಹಳ ಕಾಡುವ ವಿಷಯ. ಹೆದ್ದಾರಿ 66ರಲ್ಲಿ ಅಂಕೋಲೆ ದಾಟುವಾಗ ಬುಟ್ಟಿ ಇಟ್ಟುಕೊಂಡು ಕೂತಿರ್ತಾರಲ್ಲ ಹಾಲಕ್ಕಿ ಹೆಂಗಸರು, ಕುತ್ತಿಗೆ ತುಂಬ ಮಣಿಸರ, ಬಿಸಿಲಿಗೆ ಹಣ್ಣಿನ ಮೇಲೆ ಹಸಿ ಎಲೆ ಮುಚ್ಚಿಕೊಂಡು? ಈ ಹೆಸರನ್ನು ಇಷ್ಟು ವರ್ಷ ಬಾಯಿಂದ ಬಾಯಿಗೆ ದಾಟಿಸಿದವರು ಅವರು. ಎಷ್ಟೋ ಜನರ ಪಹಣಿಯಲ್ಲಿ ಒಂದು ಮಾವಿನ ಮರವೂ ಇಲ್ಲ, ಬೇರೆಯವರ ಹಿತ್ತಲ ಮರ ಗುತ್ತಿಗೆ ಹಿಡೀತಾರೆ. ಕಾಯ್ದೆ ಅವರನ್ನು ಹೊರಗಿಟ್ಟಿಲ್ಲ. 'ಉತ್ಪಾದಕ' ಅನ್ನುವ ವ್ಯಾಖ್ಯೆಯಲ್ಲಿ ಬೆಳೆಯುವವರ ಜೊತೆ ಸಂಸ್ಕರಿಸುವವರು, ಪ್ಯಾಕ್ ಮಾಡುವವರು, ವ್ಯವಹಾರ ಮಾಡುವವರೂ ಬರ್ತಾರೆ. ಆದರೆ ಅದೇ ಬಾಗಿಲಿನಿಂದ ಪೇಟೆಯ ದೊಡ್ಡ ವ್ಯಾಪಾರಿಯೂ ಒಳಗೆ ಬರಬಹುದು. ಅವನ ಹತ್ತಿರ ಕಾಗದ ಮಾಡಿಕೊಡುವವರು ಇದ್ದಾರೆ, ಇವರ ಹತ್ತಿರ ಇಲ್ಲ. ಅದಕ್ಕೇ ನನಗೆ ಅವಸರ.

ಘಟ್ಟದ ಮೇಲೂ ಇದೇ ಪ್ರಶ್ನೆ ಕೇಳಬೇಕು. 2019ರಲ್ಲಿ ಶಿರಸಿ ಸುಪಾರಿಗೆ, ಅಂದರೆ ಅಲ್ಲಿನ ಅಡಿಕೆಗೆ, ಜಿಐ ಬಂತು. ಚಾಲಿ (ಒಣಗಿಸಿದ ಅಡಿಕೆ) ಸುಲಿದು ಕೊಡುವ ಎಷ್ಟು ಮನೆಗಳ ಹೆಸರು 'ಬಿ' ಭಾಗದಲ್ಲಿದೆ ಅಂತ ಶಿರಸಿಯ ಗೆಳೆಯರು ಒಮ್ಮೆ ನೋಡಿ.

ನಮ್ಮ ಜಿಲ್ಲೆಯ ವಕೀಲರ ಟೇಬಲ್ ಮೇಲೆ ಇರೋದು ಪಾಲು ದಾವೆ, ಅತಿಕ್ರಮಣ, ಸೀಬರ್ಡ್ ನೌಕಾನೆಲೆಯ ಭೂಸ್ವಾಧೀನದ ಪರಿಹಾರ. ಜಿಐಯಂಥ ಬೌದ್ಧಿಕ ಆಸ್ತಿ ಅಂದರೆ ದೊಡ್ಡ ಊರಿನ ದೊಡ್ಡ ಆಫೀಸಿನ ಕೆಲಸ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. 2021ರಲ್ಲಿ ಬೌದ್ಧಿಕ ಆಸ್ತಿಯ ಮೇಲ್ಮನವಿ ಮಂಡಳಿ ರದ್ದಾಗಿ ಆ ಕೆಲಸ ಹೈಕೋರ್ಟುಗಳಿಗೆ ಬಂತು. ನಾವು ದಿನಾ ನಡೆಸುವ ಕೋರ್ಟಿನ ದಾರಿಯೇ ಈಗ ಇದಕ್ಕೂ. ಕಲಿಯದೇ ಇರೋಕೆ ಕಾರಣ ಉಳಿದಿಲ್ಲ.

ಮೊನ್ನೆ ಆ ಹೆಂಗಸರಲ್ಲಿ ಒಬ್ಬರ ಹತ್ತಿರ ಕೂತು ಫಾರಂ ತುಂಬಿಸಿದೆ. ಎಲ್ಲ ಕೇಳಿಸಿಕೊಂಡು ಅವರು ಅಂದರು, "ತಮಾ, ನನ್ ಹೆಸ್ರು ಬರ್ದ್ರೆ ಹಣ್ಣು ಜಾಸ್ತಿ ಹೋಗ್ತದ್ಯಾ?" ಅದು ಗೊತ್ತಿಲ್ಲ ಅಮ್ಮ ಅಂದೆ, ಆದರೆ ಬೇರೆ ಯಾರೋ ನಿಮ್ಮ ಹಣ್ಣಿನ ಹೆಸರು ಹೇಳಿ ಮಾರಿದರೆ ಬೇಡ ಅನ್ನೋಕೆ ನಿಮಗೆ ಬರ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸೆರಗಿನ ಗಂಟು ಬಿಚ್ಚಿ 10 ರೂಪಾಯಿ ತೆಗೆದು ಫಾರಂ ಮೇಲೆ ಇಟ್ಟರು.