ತೆರೆಯ ಮೇಲಿನ ರಾಣಿ ರೂಪಾಯಿ

ಕೇಳುಗರಿಗೆ ನಮಸ್ಕಾರ.

ಹಳೆಯ ನಾಣ್ಯ ಕೊಳ್ಳುವವರು ಒಂದು ಕಾಲಕ್ಕೆ ಚಿನಿವಾರ ಪೇಟೆಯ ಅಂಗಡಿಯಲ್ಲೋ ನಾಣ್ಯ ಪ್ರದರ್ಶನದ ಮೇಜಿನ ಮುಂದೆಯೋ ಕುಳಿತು, ನಾಣ್ಯದ ಅಂಚನ್ನು ಎರಡು ಬೆರಳುಗಳಲ್ಲಿ ಹಿಡಿದು, ಭೂತಗನ್ನಡಿಯಲ್ಲಿ ಪರೀಕ್ಷಿಸಿ, ಕಿಟಕಿಯ ಬೆಳಕಿಗೆ ಓರೆ ಮಾಡಿ ತಿರುಗಿಸಿ, ಆಮೇಲೆ ಬೆಲೆಯ ಮಾತಿಗೆ ಬರುತ್ತಿದ್ದರು. ಈಗ ಇಂಥ ವ್ಯಾಪಾರ ಬಹಳಷ್ಟು ಮೊಬೈಲಿನ ತೆರೆಯ ಮೇಲೆಯೇ ನಡೆಯುತ್ತದೆ, ಮತ್ತು ಕೊಳ್ಳುವವರಿಗೆ ಸಿಗುವುದು ಮುಂಬದಿಯದೊಂದು, ಹಿಂಬದಿಯದೊಂದು ಚಿತ್ರ ಮಾತ್ರ. ಒಂದೇ ವರ್ಷದ, ಒಂದೇ ಟಂಕಸಾಲೆಯ ಎರಡು ರೂಪಾಯಿಗಳಲ್ಲಿ ಸವೆದದ್ದು ಬೆಳ್ಳಿಯ ಬೆಲೆಯ ಆಸುಪಾಸಿನಲ್ಲಿ ಹೋಗುತ್ತದೆ, ಸವೆಯದೆ ಉಳಿದದ್ದು ಅದರ ಎಷ್ಟೋ ಪಟ್ಟು ಬೆಲೆ ತರುತ್ತದೆ. ಆದ್ದರಿಂದ ಆ ಎರಡು ಚಿತ್ರಗಳನ್ನು ಓದಲು ಕಲಿಯುವುದು ಸಂಗ್ರಹಕಾರರಿಗೆ ಅನಿವಾರ್ಯವಾಗಿದೆ. ನನ್ನ ಅಭಿಪ್ರಾಯದಲ್ಲಿ, ಚಿತ್ರದಲ್ಲಿ ಮೊದಲು ನೋಡಬೇಕಾದದ್ದು ನಾಣ್ಯವನ್ನಲ್ಲ. ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂಬುದನ್ನು.

ಬೆಳಕು ನೇರವಾಗಿ ಮೇಲಿನಿಂದ, ಮಂದವಾಗಿ ಹರಡಿಕೊಂಡು ಬಿದ್ದಿದ್ದರೆ ಸಣ್ಣ ಗೀರುಗಳು ಅದರಲ್ಲಿ ಮಾಯವಾಗುತ್ತವೆ. ಒಂದೇ ಪಕ್ಕದಿಂದ ತೀರಾ ಓರೆಯಾಗಿ ಬಿದ್ದಿದ್ದರೆ ಪ್ರತಿಯೊಂದು ಉಬ್ಬಿಗೂ ಗಾಢವಾದ ನೆರಳು ಹುಟ್ಟಿ, ಸವೆದ ಮುಖವೂ ಹೊಸದಾಗಿ ಕೆತ್ತಿದಂತೆ ಕಾಣುತ್ತದೆ. ಮೊಬೈಲಿನ ಫ್ಲ್ಯಾಷ್ ಬಿದ್ದರೆ ಬೆಳ್ಳಿಯ ಒಂದು ಭಾಗ ಬರೀ ಬಿಳಿಯ ಮಚ್ಚೆಯಾಗುತ್ತದೆ, ಆ ಮಚ್ಚೆಯ ಅಡಿಯಲ್ಲಿ ಏನಿದೆಯೆಂದು ಹೇಳಲು ಯಾರಿಂದಲೂ ಆಗದು. ಸ್ಕ್ಯಾನರಿನಲ್ಲಿಟ್ಟು ತೆಗೆದ ಚಿತ್ರದಲ್ಲಿ ಒಳ್ಳೆಯ ನಾಣ್ಯವೂ ಜೀವವಿಲ್ಲದ ಬೂದು ಬಿಲ್ಲೆಯಾಗಿ ಕಾಣುವುದುಂಟು. ಬೇರೆಯವರು ನಿರ್ಲಕ್ಷಿಸಿದ ಇಂಥ ಚಿತ್ರಗಳಲ್ಲೇ ಕೆಲವೊಮ್ಮೆ ಒಳ್ಳೆಯ ಕೊಳ್ಳುವಿಕೆ ಅಡಗಿರುತ್ತದೆ.

ನಮ್ಮ ಮನೆಗಳಲ್ಲಿ ರಾಣಿ ಛಾಪಿನ ರೂಪಾಯಿ ಎಂದು ಕರೆಯುವ ವಿಕ್ಟೋರಿಯಾ ರೂಪಾಯಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1840ರ ವರ್ಷ ಹೊತ್ತ ನಾಣ್ಯಗಳಿಂದ ಆಕೆ ರಾಣಿಯೆಂದೂ 1877ರಿಂದ ಮುಂದಿನವುಗಳಲ್ಲಿ ಸಾಮ್ರಾಜ್ಞಿಯೆಂದೂ ಕರೆಯಿಸಿಕೊಂಡಿದ್ದಾಳೆ. ಈ ನಾಣ್ಯ ಸವೆಯಲು ಆರಂಭಿಸುವುದು ಅತಿ ಎತ್ತರದ ಜಾಗಗಳಲ್ಲಿ: ಕಿವಿಯ ಮೇಲಿನ ಕೂದಲ ಎಳೆಗಳು, ಕೆನ್ನೆ, 1862ರಿಂದ ಮುಂದಿನವುಗಳಲ್ಲಿ ಕಿರೀಟದ ಪಟ್ಟಿ ಮತ್ತು ಎದೆಯ ಮೇಲಿನ ಉಡುಪಿನ ಕಸೂತಿ. ಕೂದಲಿನ ಎಳೆಗಳು ಒಂದಕ್ಕೊಂದು ಕೂಡಿಕೊಂಡು ನುಣ್ಣಗಾಗಿದ್ದರೆ, ಮಾರುವವರು ಅದನ್ನು ಸವೆಯದ ನಾಣ್ಯವೆಂದು ಎಷ್ಟೇ ಹೊಗಳಿದರೂ ನಂಬುವಂತಿಲ್ಲ. ಆದರೆ ಇಲ್ಲಿ ಒಂದು ತೊಡಕಿದೆ. ಟಂಕಸಾಲೆಯಲ್ಲಿ ಅಚ್ಚು ಸರಿಯಾಗಿ ಒತ್ತದೆ ಹೋದಾಗಲೂ ಕೂದಲು ನುಣ್ಣಗೇ ಕಾಣುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಹೊಳಪಿನಲ್ಲಿದೆ. ಅಚ್ಚು ಬಲವಾಗಿ ಬೀಳದ ಜಾಗದಲ್ಲಿ ಬಯಲಿನ, ಅಂದರೆ ಚಿತ್ರವೂ ಅಕ್ಷರವೂ ಇಲ್ಲದ ಸಪಾಟು ಜಾಗದ, ಹೊಳಪು ಕೂದಲಿನ ಮೇಲೂ ತುಂಡಾಗದೆ ಮುಂದುವರಿಯುತ್ತದೆ. ಸವೆದ ಜಾಗದಲ್ಲಿ ಹೊಳಪು ಕಡಿದುಹೋಗಿ, ಅಲ್ಲಿ ಮಾತ್ರ ಬೂದು ಬಣ್ಣದ ಮಂಕು ಕೂತಿರುತ್ತದೆ.

ಹೊಳಪನ್ನು ನಿಂತ ಚಿತ್ರದಲ್ಲಿ ಹಿಡಿಯುವುದು ನಿಜಕ್ಕೂ ಕಷ್ಟ. ಅಚ್ಚಿನ ಒತ್ತಡಕ್ಕೆ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುವಾಗ ಮೇಲ್ಮೈಯಲ್ಲಿ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ಉಂಟಾಗುತ್ತವೆ, ಮತ್ತು ಹೊಸ ನಾಣ್ಯವನ್ನು ಅಲುಗಿಸಿದಾಗ, ರೇಷ್ಮೆ ಸೀರೆಯನ್ನು ಬೆಳಕಿನಲ್ಲಿ ಮಡಿಚುವಾಗ ಮಿಂಚು ಸರಿದಾಡುವಂತೆ, ಬೆಳಕಿನ ಪಟ್ಟಿಗಳು ಅದರ ಮೇಲೆ ಸುತ್ತು ಹಾಕುವುದು ಈ ಗೆರೆಗಳಿಂದಲೇ. ಆದ್ದರಿಂದ ಮಾರುವವರನ್ನು ಕೇಳಬೇಕಾದದ್ದು ಇನ್ನೊಂದು ಚಿತ್ರವನ್ನಲ್ಲ, ನಾಣ್ಯವನ್ನು ನಿಧಾನವಾಗಿ ಓಲಾಡಿಸಿ ತೆಗೆದ ಹತ್ತು ಸೆಕೆಂಡಿನ ವಿಡಿಯೋವನ್ನು. ಅದಕ್ಕೂ ಒಪ್ಪದವರ ನಾಣ್ಯವನ್ನು ಹೇಳಿದ ದರ್ಜೆಗಿಂತ ಒಂದು ಮೆಟ್ಟಿಲು ಕೆಳಗೆ ಇಟ್ಟೇ ಬೆಲೆ ಕಟ್ಟುವುದು ಲೇಸು.

ನಮ್ಮ ನಾಡಿನ ಬೆಳ್ಳಿ ನಾಣ್ಯಗಳಿಗೆ ಸವೆತಕ್ಕಿಂತ ದೊಡ್ಡ ಶತ್ರು ಶುಚಿತ್ವ ಎಂದರೆ ಅತಿಶಯೋಕ್ತಿಯಲ್ಲ. ಲಕ್ಷ್ಮೀಪೂಜೆಗೆ ಇಡುವ ರೂಪಾಯಿಯನ್ನು ಹಬ್ಬದ ಹಿಂದಿನ ದಿನ ಹುಣಸೆಹಣ್ಣಿನಲ್ಲೋ ವಿಭೂತಿಯಲ್ಲೋ ತಿಕ್ಕಿ ಬೆಳಗುವುದು ತಲೆಮಾರುಗಳ ರೂಢಿ; ಭಕ್ತಿಯಿಂದ ಮಾಡಿದ ಕೆಲಸವಾದ್ದರಿಂದ ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ, ಆದರೆ ಸಂಗ್ರಹಕಾರರ ಲೆಕ್ಕದಲ್ಲಿ ಅದು ವಾಸಿಯಾಗದ ಗಾಯ. ಚಿತ್ರದಲ್ಲಿ ಇದರ ಗುರುತುಗಳು ಹೀಗಿರುತ್ತವೆ: ಬಯಲಿನಲ್ಲಿ ಒಂದೇ ದಿಕ್ಕಿಗೆ ಹರಿದ ಕೂದಲೆಳೆಯಂಥ ಗೀರುಗಳು, ಅಕ್ಷರಗಳ ಸಂದಿಯಲ್ಲಿ ಮಾತ್ರ ಉಳಿದ ಕಪ್ಪು ಅಥವಾ ಕುಂಕುಮದ ಕೆಂಪು, ಮತ್ತು ನೂರು ವರ್ಷ ಮೀರಿದ ಸವೆದ ನಾಣ್ಯಕ್ಕೆ ಒಪ್ಪದ ಒಂದೇ ಸಮನಾದ ಬಿಳುಪು. ಸವೆದ ಬೆಳ್ಳಿ ಸಹಜವಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಕೂದಲೆಲ್ಲ ಅಳಿಸಿಹೋದ ರಾಣಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಆ ಹೊಳಪು ಟಂಕಸಾಲೆಯದಲ್ಲ. ಇದಕ್ಕೆ ಎದುರಾದ ಮೋಸವೂ ಇದೆ. ನೀಲಿ, ನೇರಳೆ, ಹೊಂಬಣ್ಣಗಳ ಕಾಮನಬಿಲ್ಲು ಮೂಡಿದ ನಾಣ್ಯಗಳಿಗೆ ಬೇಡಿಕೆಯಿರುವುದರಿಂದ, ಚಿತ್ರದ ಬಣ್ಣವನ್ನು ಮೊಬೈಲಿನಲ್ಲೇ ಏರಿಸಿಬಿಡುತ್ತಾರೆ. ನಾಣ್ಯದ ಪಕ್ಕದಲ್ಲಿರುವ ಬೆರಳು ಅಥವಾ ಬಿಳಿ ಕಾಗದವೂ ವಿಚಿತ್ರ ಬಣ್ಣಕ್ಕೆ ತಿರುಗಿದೆಯೇ ಎಂದು ನೋಡಿದರೆ ಸತ್ಯ ಹೊರಬೀಳುತ್ತದೆ.

ಚಿತ್ರದಲ್ಲಿ ಸಾಮಾನ್ಯವಾಗಿ ತೋರಿಸದೆ ಬಿಡುವ ಜಾಗ ಅಂಚು. ಹಳೆಯ ನಾಣ್ಯಗಳಿಗೆ ಕೊಂಡಿ ಬೆಸೆದು ಕಾಸಿನ ಸರದಂಥ ಒಡವೆಗಳಲ್ಲಿ ಪೋಣಿಸುತ್ತಿದ್ದರು. ಆಮೇಲೆ ಕೊಂಡಿ ಕಿತ್ತು, ಬೆಸುಗೆಯನ್ನು ಅರದಿಂದ ಉಜ್ಜಿ, ಬಿಡಿ ನಾಣ್ಯವೆಂದು ಮಾರುತ್ತಾರೆ. ರಾಣಿಯ ತಲೆಯ ನೇರ ಮೇಲಿರುವ ಅಂಚಿನ ಹಲ್ಲುಗಳು ಸ್ವಲ್ಪ ದೂರ ಅಳಿಸಿದ್ದರೆ ಅನುಮಾನಿಸಬೇಕು. ಎರಕ ಹೊಯ್ದ ನಕಲಿ ನಾಣ್ಯದ ಸುತ್ತಲಿನ ಜೋಡಣೆಯ ಗೆರೆ ಬಯಲಾಗುವುದೂ ಅಂಚಿನಲ್ಲೇ. ಚಿನಿವಾರರು ಬೆಳ್ಳಿಯನ್ನು ಪರೀಕ್ಷಿಸಲು ಒತ್ತಿದ ಸಣ್ಣ ಮುದ್ರೆಗಳು ಮಾತ್ರ ಮುಖದ ಮೇಲೆಯೇ ಇರುತ್ತವೆ. ಅವು ಬೆಲೆಯನ್ನು ಇಳಿಸುತ್ತವೆಯಾದರೂ ನಾಣ್ಯ ಕೈಯಿಂದ ಕೈಗೆ ಓಡಾಡಿದ್ದಕ್ಕೆ ಸಾಕ್ಷಿಯೂ ಹೌದು, ನನಗಂತೂ ಅವುಗಳ ಮೇಲೆ ಕೋಪವಿಲ್ಲ.

ಅಂಚಿನ ಚಿತ್ರದ ಜೊತೆಗೆ ತಕ್ಕಡಿಯ ಮೇಲಿಟ್ಟ ಚಿತ್ರವನ್ನೂ ಕೇಳಬಹುದು. ಈ ರೂಪಾಯಿ ಒಂದು ತೊಲ ತೂಕದ್ದು, ಅಂದರೆ 11.66 ಗ್ರಾಂ, ಅದರ 12 ಪಾಲಿನಲ್ಲಿ 11 ಪಾಲು ಬೆಳ್ಳಿ. ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗುವುದು ಸಹಜ, ಆದರೆ ಹತ್ತು ಗ್ರಾಂಗೆ ಇಳಿದರೆ ಅದನ್ನು ಸವೆತದ ತಲೆಗೆ ಕಟ್ಟಲಾಗದು.

ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎಂದು ಸೂಚಿಸುವ ದರ್ಜೆಯ ಅಂಕಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಾಮ್ರದ ಸೆಂಟ್ ನಾಣ್ಯಗಳಿಗಾಗಿ ರೂಪಿಸಿದ 1ರಿಂದ 70ರವರೆಗಿನ ಮಾಪನವೇ ಇಂದು ಬಳಕೆಯಲ್ಲಿದೆ. 60 ಮತ್ತು ಅದಕ್ಕೆ ಮೇಲಿನ ಅಂಕಿಗಳು ಸವೆಯದ ನಾಣ್ಯಗಳಿಗೆ ಮೀಸಲು. 62ಕ್ಕೂ 64ಕ್ಕೂ ಇರುವ ಅಂತರವನ್ನು ಮೊಬೈಲಿನ ಚಿತ್ರದಿಂದ ಹೇಳುತ್ತೇನೆ ಎನ್ನುವವರು ಊಹೆ ಮಾಡುತ್ತಿದ್ದಾರೆ ಎಂದೇ ತಿಳಿಯಬೇಕು. ಇನ್ನೊಂದು ಮಾತು: ಸುಮಾರು 30 ಮಿಲಿಮೀಟರ್ ಅಗಲದ ನಾಣ್ಯ ತೆರೆಯ ಮೇಲೆ ಊಟದ ತಟ್ಟೆಯಷ್ಟು ದೊಡ್ಡದಾದಾಗ ಚೀಲದಲ್ಲಿ ಬೇರೆ ನಾಣ್ಯ ತಾಗಿ ಬಿದ್ದ ಸಣ್ಣ ಪೆಟ್ಟೂ ಹಳ್ಳದಂತೆ ಕಾಣುತ್ತದೆ, ಅದನ್ನೇ ನೋಡಿ ಒಳ್ಳೆಯ ನಾಣ್ಯವನ್ನು ಕೈಬಿಡುವುದೂ ನಷ್ಟವೇ.

ಇಷ್ಟೆಲ್ಲ ಯಂತ್ರದಲ್ಲಿ ಅಚ್ಚಾದ ನಾಣ್ಯಗಳ ಮಾತು. ಟಿಪ್ಪು ಸುಲ್ತಾನನ ಆನೆಯ ಪೈಸೆಗೋ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸೆಂಬ ತಾಮ್ರದ ನಾಣ್ಯಕ್ಕೋ ಇದೇ ಅಳತೆಗೋಲು ಹಿಡಿದರೆ ಅನ್ಯಾಯವಾಗುತ್ತದೆ. ಸುತ್ತಿಗೆಯ ಪೆಟ್ಟಿಗೆ ಅಚ್ಚಾದ ಈ ನಾಣ್ಯಗಳಲ್ಲಿ ಬಿಲ್ಲೆ ಅಚ್ಚಿಗಿಂತ ಚಿಕ್ಕದಾಗಿದ್ದು, ಆನೆಯ ಸೊಂಡಿಲೋ ಬರಹದ ಅರ್ಧವೋ ಹೊರಗುಳಿಯುವುದು ಸಾಮಾನ್ಯ, ಅದು ಸವೆತವಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ, ಬಿಲ್ಲೆಯ ಮೇಲೆ ಬಿದ್ದಿರುವಷ್ಟು ಭಾಗ ಎಷ್ಟು ಸ್ಪಷ್ಟವಾಗಿದೆ ಎಂಬುದು. ತಾಮ್ರದ ಮೇಲಿನ ಹಸಿರನ್ನು ಚಿತ್ರದಲ್ಲಿ ಎರಡು ಬಗೆಯಾಗಿ ಬಿಡಿಸಿ ನೋಡಬೇಕು. ನುಣುಪಾಗಿ, ಗಟ್ಟಿಯಾಗಿ, ಕಡುಹಸಿರಾಗಿ ಕೂತ ಪದರ ಕಾಲಕ್ರಮದಲ್ಲಿ ಬಂದದ್ದು, ಅದು ನಾಣ್ಯವನ್ನು ಕಾಪಾಡುತ್ತದೆ. ಅಲ್ಲಲ್ಲಿ ಚುಕ್ಕೆಯಾಗಿ ಉಕ್ಕಿದ ತಿಳಿಹಸಿರು ಪುಡಿ ಮಾತ್ರ ರೋಗ. ತೇವ ತಾಗುತ್ತಿರುವವರೆಗೂ ಅದು ಲೋಹವನ್ನು ತಿನ್ನುತ್ತಲೇ ಹೋಗುತ್ತದೆ. ಅಂಥ ಚುಕ್ಕೆಗಳು ಕಂಡ ನಾಣ್ಯ ಎಷ್ಟೇ ಅಗ್ಗಕ್ಕೆ ಬಂದರೂ, ಚಿಕಿತ್ಸೆಯ ವಿಧಾನ ತಿಳಿದವರ ಹೊರತು ಬೇರೆಯವರು ಕೊಳ್ಳದಿರುವುದೇ ಕ್ಷೇಮ.

ನಮಸ್ಕಾರ.