ಸ್ತರಭಂಗದೊಳಗಿನ ಸಾಬೂನು

ಕೇಳುಗರಿಗೆ ನಮಸ್ಕಾರ. ಸ್ತರಭಂಗ, ಅಂದರೆ ಎರಡು ಬದಿಯ ಬಂಡೆಗಳು ಒಂದಕ್ಕೊಂದು ಸರಿಯುವ ನೆಲದಾಳದ ಬಿರುಕು, ಎಂದೊಡನೆ ಭೂಪಟದ ಮೇಲಿನ ಒಂದು ಗೆರೆ ಕಣ್ಣ ಮುಂದೆ ಬರುತ್ತದೆ. ಆ ಗೆರೆಯ ಕೆಳಗೆ ಏನಿದೆ ಎಂದು ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್ ಬಳಿ ಕೊರೆದೇ ನೋಡಿದ್ದಾರೆ. ಅಲ್ಲಿ ಹಾಯ್ದು ಹೋಗಿರುವುದು ಎರಡು ಭೂಫಲಕಗಳ ಗಡಿಯಾದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗ.

2002ರಲ್ಲಿ ಮೊದಲು 2.2 ಕಿಲೋಮೀಟರ್ ಆಳದ ಪರೀಕ್ಷಾ ಬಾವಿಯನ್ನು ಕೊರೆದರು. ಮುಕ್ಕಾಲು ಕಿಲೋಮೀಟರ್ ದಾಟಿದ ಮೇಲೆ ಗ್ರಾನೈಟ್ ಸಿಕ್ಕಿತು, ತಳದವರೆಗೂ ಅದೇ. 2004ರಲ್ಲಿ ಪಕ್ಕದಲ್ಲೇ ಮುಖ್ಯ ಬಾವಿ ಶುರುವಾಯಿತು. ಇದು ಒಂದೂವರೆ ಕಿಲೋಮೀಟರ್ ನೇರವಾಗಿ ಇಳಿದು, ಬಳಿಕ ಸ್ತರಭಂಗದ ಕಡೆಗೆ ಓರೆಯಾಗಿ ತಿರುಗಿತು. ಸ್ತರಭಂಗ ಮುಟ್ಟುವವರೆಗೂ ಗ್ರಾನೈಟೇ ಇರಬೇಕೆಂಬ ಎಣಿಕೆ ಅಲ್ಲಿ ತಲೆಕೆಳಗಾಯಿತು. ಕೊರೆಯುವಾಗ ಬಾವಿಗೆ ಹರಿಸುವ ಕೆಸರಿನೊಂದಿಗೆ ಮೇಲೆ ಬಂದ ಚೂರುಗಳು ಮರಳುಗಲ್ಲಿನವು! ಎರಡು ಶಿಲೆಗಳ ನಡುವೆ ಇನ್ನೊಂದು ಸ್ತರಭಂಗ ಅವಿತುಕೊಂಡಿತ್ತು. ಇನ್ನೂ ಮುಂದೆ, ಆಚೆ ಬದಿಯಲ್ಲಿ, ಜೇಡುಗಲ್ಲು.

ಇವುಗಳ ನಡುವೆ ಸುಮಾರು 200 ಮೀಟರ್ ಅಗಲಕ್ಕೆ ಬಂಡೆ ಜಜ್ಜಿಹೋಗಿದೆ. ಆದರೆ ಅಷ್ಟೂ ಅಗಲ ಈಗ ಸರಿಯುತ್ತಿಲ್ಲ. ಅದನ್ನು ತೋರಿಸಿಕೊಟ್ಟದ್ದು ಬಾವಿಗೆ ಇಳಿಸಿದ ಉಕ್ಕಿನ ಕೊಳವೆ. ಬಾವಿಯ ಉದ್ದಕ್ಕೂ ಅಳೆದರೆ 3,192 ಮೀಟರ್ ಮತ್ತು 3,302 ಮೀಟರ್‌ಗಳಲ್ಲಿ ಕೊಳವೆ ಸೊಟ್ಟಗಾಗಿತ್ತು. ನೆಲ ಸದ್ದಿಲ್ಲದೆ ತೆವಳುತ್ತಿರುವ ಜಾಗಗಳು ಅವೇ.

2007ರಲ್ಲಿ ಈ ಎರಡೂ ಕಡೆಗಳಿಂದ ಕಲ್ಲಿನ ದಿಂಡುಗಳನ್ನು ಮೇಲೆತ್ತಿದರು. ಕಲ್ಲು ಎನ್ನುವುದೂ ಹೆಚ್ಚೇ. ಕಪ್ಪು ಛಾಯೆಯ ಜೇಡಿ, ಹಿಟ್ಟಿನಲ್ಲಿ ಕಲಸಿದ ಹರಳಿನಂತೆ ಅದರೊಳಗೆ ಸರ್ಪೆಂಟಿನೈಟ್ ಎಂಬ ಹಸಿರು ಛಾಯೆಯ ಶಿಲೆಯ ತುಣುಕುಗಳು. ಬಿಡಿಸಿದರೆ ಪೊರೆ ಪೊರೆಯಾಗಿ ಕಳಚಿಕೊಳ್ಳುತ್ತದೆ, ಪ್ರತಿ ಪೊರೆಯ ಮೈಯೂ ಉಜ್ಜಿ ಮೆರುಗು ಕೊಟ್ಟಂತಿದೆ. ಒಂದು ಪಟ್ಟಿಯ ಅಗಲ 1.6 ಮೀಟರ್, ಇನ್ನೊಂದರದು 2.6 ಮೀಟರ್. ಎರಡು ಭೂಫಲಕಗಳ ಸರಿದಾಟಕ್ಕೆ ಇಷ್ಟೇ ಇಷ್ಟು ಜಾಗ ಸಾಕೇ ಎಂದು ನನಗೆ ಇಂದಿಗೂ ಬೆರಗು.

ಈ ಜೇಡಿಯ ಮುಖ್ಯ ಖನಿಜ ಸಪೊನೈಟ್. ಸಾಬೂನಿನ ಲ್ಯಾಟಿನ್ ಹೆಸರಿನಿಂದ ಬಂದ ಪದ, ಗುಣವೂ ಹಾಗೆಯೇ. ಮೆಗ್ನೀಸಿಯಮ್ ತುಂಬಿದ ಸರ್ಪೆಂಟಿನೈಟ್, ಪಕ್ಕದ ಸಿಲಿಕಾಭರಿತ ಶಿಲೆಗಳೊಂದಿಗೆ ನೀರಿನ ಮೂಲಕ ವರ್ತಿಸಿದಾಗ ಇದು ಹುಟ್ಟುತ್ತದೆ. ಸಾಮಾನ್ಯ ಬಂಡೆಯ ಘರ್ಷಣಾಂಕ, ಅಂದರೆ ಜಾರುವುದಕ್ಕೆ ಅದು ಒಡ್ಡುವ ತಡೆಯ ಅಳತೆ, 0.6ಕ್ಕೂ ಮೇಲಿರುತ್ತದೆ. ಪ್ರಯೋಗಾಲಯದಲ್ಲಿ ಈ ಜೇಡಿಗೆ ಸಿಕ್ಕಿದ್ದು 0.15ರ ಆಸುಪಾಸು. ಒತ್ತಡ ಕೂಡಿಡಲು ಅದಕ್ಕೆ ತ್ರಾಣವಿಲ್ಲ, ಜಾರಿಬಿಡುತ್ತದೆ.

ಹಾಗೆಂದು ಪಾರ್ಕ್‌ಫೀಲ್ಡ್ ನಡುಗದ ಊರಲ್ಲ. ಕೊರೆತ ನಡೆದ 2004ರಲ್ಲೇ, ಸೆಪ್ಟೆಂಬರ್ 28ರಂದು, 6.0 ಪ್ರಮಾಣದ ಭೂಕಂಪವಾಯಿತು. ತೆವಳುವ ಮೈಯ ನಡುವೆ ಅಲ್ಲಲ್ಲಿ ಕಚ್ಚಿಕೊಂಡ ತೇಪೆಗಳಿವೆ. ಬಾವಿಯ ಸಮೀಪದಲ್ಲೇ ಅಂಥ ಪುಟ್ಟ ತೇಪೆಗಳು ಸುಮಾರು 2ರ ಪ್ರಮಾಣದಲ್ಲಿ, ಒಂದೇ ಜಾಗದಲ್ಲಿ, ಮತ್ತೆ ಮತ್ತೆ ಸಿಡಿಯುತ್ತವೆ.