ಎಣಿಸಿದ್ದು ಕಾರ್ಡನ್ನೋ, ಜನರನ್ನೋ?

ಎಲ್ಲರಿಗೂ ನಮಸ್ಕಾರ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸರು ಹುಟ್ಟಿದ ಜೂನ್ 29 ನಮಗೆ ಸಾಂಖ್ಯಿಕ ದಿನ. ಕೋಲಾರದಲ್ಲಿ ನಿಂತು ಯುರೋಪಿನ ವಾಸದ ಪರವಾನಗಿ ಲೆಕ್ಕದ ಬಗ್ಗೆ ಮಾತಾಡುತ್ತೇನೆ ಅಂದಾಗ ಪ್ರಿನ್ಸಿಪಾಲರು ಒಂದು ಸಲ ನನ್ನ ಮುಖ ನೋಡಿದರು. ಕಸುಬು ಬಲ್ಲವರು ಊರು ಬಿಟ್ಟು ಊರಿಗೆ ಹೋಗುವುದು ಈ ಜಿಲ್ಲೆಗೆ ಹೊಸದೇನಲ್ಲ ಸ್ವಾಮಿ. ಕೆಜಿಎಫ್ ಗಣಿಗೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದವರಿದ್ದರು. ಈಗ ನಮ್ಮ ಮಕ್ಕಳು ಆ ಕಡೆ ಹೊರಟಿದ್ದಾರೆ, ಅಷ್ಟೆ.

2023ರಲ್ಲಿ ಐರೋಪ್ಯ ಒಕ್ಕೂಟದ ದೇಶಗಳು ಕೊಟ್ಟ ಬ್ಲೂ ಕಾರ್ಡ್ ಸುಮಾರು 89,000. ಹೆಚ್ಚು ಓದಿದ, ಹೆಚ್ಚು ಸಂಬಳದ ಕೆಲಸ ಸಿಕ್ಕ ಹೊರದೇಶದವರಿಗೆ ಕೊಡುವ ಪರವಾನಗಿ ಅದು. ಅದರಲ್ಲಿ ಸುಮಾರು 69,000 ಜರ್ಮನಿಯೊಂದೇ ಕೊಟ್ಟಿದ್ದು. ಪಡೆದವರಲ್ಲಿ ಭಾರತದವರೇ ಮೊದಲು, ಸುಮಾರು 21,000. ಇದನ್ನು ಓದಿದರೆ ಆ ವರ್ಷ 21 ಸಾವಿರ ಮಂದಿ ಇಲ್ಲಿಂದ ವಿಮಾನ ಹತ್ತಿದರು ಅನ್ನಿಸುತ್ತದೆ. ಹಾಗಲ್ಲ.

ಮಾಲೂರಿನ ಒಬ್ಬ ಹುಡುಗ ಅಂದುಕೊಳ್ಳಿ. ಎಂ.ಎಸ್. ಓದಲು ಮ್ಯೂನಿಕ್‌ಗೆ ಹೋದ. ಆ ವರ್ಷದ 'ಮೊದಲ ಪರವಾನಗಿ' ಪಟ್ಟಿಯಲ್ಲಿ ಅವನು 'ಶಿಕ್ಷಣ' ಕಲಂಗೆ ಬಿದ್ದ. ಎರಡು ವರ್ಷ ಕಳೆದು ಅಲ್ಲೇ ಕೆಲಸ ಸಿಕ್ಕಿ ಬ್ಲೂ ಕಾರ್ಡ್ ಬಂತು. ಬ್ಲೂ ಕಾರ್ಡ್ ಪಟ್ಟಿಯಲ್ಲಿ ಅವನುಂಟು. ಉದ್ಯೋಗಕ್ಕೆಂದು ಕೊಟ್ಟ ಮೊದಲ ಪರವಾನಗಿಗಳ ಪಟ್ಟಿಯಲ್ಲಿ ಇಲ್ಲ, ಯಾಕೆಂದರೆ ಇದು ಅವನ ಮೊದಲನೆಯದಲ್ಲ. ಹಾಗಾಗಿ ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿ ಯೂರೋಸ್ಟಾಟ್‌ನಲ್ಲಿ ಬ್ಲೂ ಕಾರ್ಡಿಗೆ ಎರಡು ಅಂಕಿ ಸಿಗುತ್ತವೆ. ಒಂದಕ್ಕೊಂದು ತಾಳೆಯಾಗುವುದಿಲ್ಲ, ಎರಡೂ ಸುಳ್ಳಲ್ಲ.

'ಮೊದಲ' ಅನ್ನುವ ಪದಕ್ಕೇ ಒಂದು ನಿಯಮವಿದೆ. ಹಳೆಯದು ಮುಗಿದು, ಅದೇ ಕಾರಣಕ್ಕೆ ಹೊಸದು ಶುರುವಾಗುವಷ್ಟರಲ್ಲಿ ಆರು ತಿಂಗಳು ಕಳೆದಿದ್ದರೆ ಅದು ಮತ್ತೆ 'ಮೊದಲ ಪರವಾನಗಿ'. ಮನುಷ್ಯ ಅವನೇ, ಲೆಕ್ಕಕ್ಕೆ ಹೊಸಬ. ಇದನ್ನು ಓದಿದಾಗ ನನ್ನ ಹಳೆಯ ಎಡವಟ್ಟೊಂದು ನೆನಪಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದು, ಟಮೊಟೊ ಮಾರ್ಕೆಟ್ಟಿನ ಗೇಟಿನಲ್ಲಿ ಕೂತು ಬಾಕ್ಸ್ ಬರೆಯುತ್ತಿದ್ದೆ. ಒಂದು ಟೆಂಪೋ ಒಳಗೆ ಜಾಗ ಸಿಗದೆ ಆಚೆ ಹೋಗಿ, ಟೀ ಕುಡಿದು ಮತ್ತೆ ಬಂತು. ನಾನು ಎರಡು ಸಲ ಬರೆದೆ. ಅಂಥ ಟೆಂಪೋ ಅವತ್ತು ಎಷ್ಟಿದ್ದವೋ! ಸಾಯಂಕಾಲ ಲೆಕ್ಕ ನೋಡಿದ ಸಾಹೇಬರು, "ಏನಪ್ಪಾ, ಬೆಳಗಿನಿಂದ ಸಂಜೆಗೆ ಕೋಲಾರದ ಹೊಲಗಳೆಲ್ಲ ಹಿಗ್ಗಿಬಿಟ್ಟವಾ?" ಅಂದರು. ಎಷ್ಟು ಹೊತ್ತಿನೊಳಗೆ ವಾಪಸ್ ಬಂದರೆ ಹಳೇ ಲೋಡು ಅಂತ ನನಗೆ ಯಾರೂ ಹೇಳಿರಲಿಲ್ಲ. ಯುರೋಪಿನವರು ಅದನ್ನು ಬರೆದಿಟ್ಟುಕೊಂಡಿದ್ದಾರೆ.

ಈ ಅಂಕಿಗಳಿಗೆ ಮನೆಮನೆ ಸಮೀಕ್ಷೆ ಇಲ್ಲ. ಪರವಾನಗಿ ಕೊಡುವ ಕಚೇರಿಗಳ ದಾಖಲೆಯೇ ಮೂಲ. ಜರ್ಮನಿಯಲ್ಲಾದರೆ ವಿದೇಶಿಯರ ಕೇಂದ್ರ ನೋಂದಣಿ. ಒಕ್ಕೂಟದ 2007ರ ನಿಯಮಾವಳಿಯ ಪ್ರಕಾರ ಪ್ರತಿ ದೇಶವೂ ವರ್ಷ ಮುಗಿದ ಆರು ತಿಂಗಳೊಳಗೆ ಲೆಕ್ಕ ಕಳಿಸಬೇಕು. ದಾಖಲೆಯಿಂದ ಎತ್ತಿದ ಲೆಕ್ಕಕ್ಕೆ ಒಂದು ಗುಣವಿದೆ: ಕಾನೂನು ಅಲುಗಿದರೆ ಅಂಕಿಯೂ ಅಲುಗುತ್ತದೆ. ಜರ್ಮನಿಯಲ್ಲಿ ಬ್ಲೂ ಕಾರ್ಡಿಗೆ ಸಾಮಾನ್ಯವಾಗಿ ವರ್ಷಕ್ಕೆ 58,400 ಯೂರೋ ಸಂಬಳ ಬೇಕಿತ್ತು. 2023ರ ನವೆಂಬರಿನಲ್ಲಿ ಅದು 43,800ಕ್ಕೆ ಇಳಿಯಿತು. ಆಮೇಲೆ ಅಂಕಿ ಏರಿದರೆ ಜಾಣರು ಹೆಚ್ಚಾದರು ಅನ್ನಬೇಡಿ, ಹೊಸಿಲು ತಗ್ಗಿತು ಅನ್ನಿ. ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥವರಿಗೆ ಅವರದೇ ಇನ್ನೊಂದು ಪರವಾನಗಿ ಇದೆ. ಬ್ಲೂ ಕಾರ್ಡ್ ಒಂದನ್ನೇ ನೋಡಿದರೆ ಅಲ್ಲಿ ನಮ್ಮ ಎಂಜಿನಿಯರುಗಳಲ್ಲಿ ಹೆಚ್ಚಿನವರು ಕಾಣುವುದಿಲ್ಲ.

ಇನ್ನೊಂದು, ವರ್ಷದಲ್ಲಿ ಕೊಟ್ಟದ್ದು ಬೇರೆ, ಡಿಸೆಂಬರ್ 31ಕ್ಕೆ ಚಾಲ್ತಿಯಲ್ಲಿರುವುದು ಬೇರೆ. 2018ರಿಂದ ನಮ್ಮ ಕೆರೆಗಳಿಗೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೆ.ಸಿ. ವ್ಯಾಲಿ ನೀರು ಬರುತ್ತಿದೆಯಲ್ಲ, ಪೈಪಿನಲ್ಲಿ ಬಂದದ್ದನ್ನೆಲ್ಲ ಕೂಡಿಸಿ ಕೆರೆಯಲ್ಲಿ ಇಷ್ಟು ನೀರಿದೆ ಅಂದರೆ ರೈತ ನಗುತ್ತಾನೆ.

ಮಾಲೂರಿನ ಹುಡುಗನಿಗೆ ಮದುವೆಯಾಯಿತು ಅನ್ನಿ. ಹೆಂಡತಿ ಎಂಬಿಬಿಎಸ್ ಡಾಕ್ಟರು. ಗಂಡನ ಜೊತೆ ಹೋದವಳು 'ಕುಟುಂಬ' ಕಲಂನಲ್ಲಿ ಸೇರುತ್ತಾಳೆ. ಆ ಪರವಾನಗಿಯಲ್ಲೇ ಜರ್ಮನಿಯಲ್ಲಿ ಕೆಲಸಕ್ಕೂ ಹೋಗಬಹುದು, ಆದ್ದರಿಂದ ನಾಳೆ ಅಲ್ಲಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುತ್ತಿದ್ದರೂ ಅವಳಾಗಿ ಪರವಾನಗಿ ಬದಲಿಸಿಕೊಳ್ಳುವ ತನಕ ಕಲಂ ಅದೇ.